ತೈಮೂರನ ಪ್ರತಿಮೆ ಎದ್ದಿತು, ತೈಮೂರನ ಊರು ಬಿದ್ದಿತು

2016ರ ಜುಲೈಯಲ್ಲಿ ಇಸ್ತಾಂಬುಲ್‌ನಲ್ಲಿ ಸೇರಿದ್ದ ಯುನೆಸ್ಕೊ ವಿಶ್ವ ಪರಂಪರೆ ಸಮಿತಿಯು ಉಜ್ಬೇಕಿಸ್ತಾನದ ಶಹ್ರಿಸಬ್ಜ್ ಪಟ್ಟಣದ ಹಳೆಯ ಭಾಗವನ್ನು ‘ಅಪಾಯದಲ್ಲಿರುವ ಪರಂಪರೆ’ಯ ಪಟ್ಟಿಗೆ ಸೇರಿಸಿತು. ಅಲ್ಲಿ ಯುದ್ಧ ನಡೆದಿರಲಿಲ್ಲ, ಭೂಮಿ ನಡುಗಿರಲಿಲ್ಲ, ನೆರೆ ಬಂದಿರಲಿಲ್ಲ. ಊರನ್ನು ಚೆಂದಗಾಣಿಸಲು ಹೊರಟ ಸರ್ಕಾರದ ಯೋಜನೆಯೇ ಊರನ್ನು ನುಂಗಿತ್ತು. ಸ್ಮಾರಕಗಳ ನಡುವೆ ಇದ್ದ ಹಳೆಯ ಮೊಹಲ್ಲಾಗಳನ್ನು ಕೆಡವಿ ಅಲ್ಲಿ ಅಗಲವಾದ ಕಲ್ಲುಹಾಸು, ಹುಲ್ಲುಹಾಸು, ಕಾರಂಜಿ, ಅಂಗಡಿ ಸಾಲು, ಹೋಟೆಲ್‌ಗಳನ್ನು ಮಾಡಲಾಗಿತ್ತು. ಇಷ್ಟೆಲ್ಲ ನಡೆದದ್ದು ಯಾರ ಹುಟ್ಟೂರಿನ ಹೆಸರಿನಲ್ಲಿ ಎಂದರೆ, ನಮ್ಮ ಶಾಲಾ ಪಠ್ಯದಲ್ಲಿ ‘1398ರಲ್ಲಿ ದೆಹಲಿಯ ಮೇಲೆ ದಾಳಿ’ ಎಂಬ ಒಂದೇ ಸಾಲಿನಲ್ಲಿ ಬಂದು ಹೋಗುವ ತೈಮೂರನ ಹೆಸರಿನಲ್ಲಿ.

ನಮಗೆ ತೈಮೂರ್ ಕೊಲೆಗಡುಕ, ಅವರಿಗೆ ರಾಷ್ಟ್ರಪಿತ. ಈ ಎರಡು ಚಿತ್ರಗಳಲ್ಲಿ ಯಾವುದು ಸರಿ ಎಂದು ಜಗಳವಾಡುವ ಮೊದಲು, ಎರಡೂ ಯಾವ ಸಾಮಗ್ರಿಯಿಂದ ತಯಾರಾದವು ಎಂದು ನೋಡುವುದು ಒಳ್ಳೆಯದು. ಏಕೆಂದರೆ ಆತನ ಬಗ್ಗೆ ನಂಬಬಹುದಾದ ಸಾಕ್ಷ್ಯದ ದೊಡ್ಡ ಪಾಲು ಇರುವುದು ಇಟ್ಟಿಗೆ, ಗಾರೆ, ಓಣಿಗಳಲ್ಲಿ. ಈಗ ಆತನ ಅಭಿಮಾನಿಗಳ ಕೈಯಲ್ಲೇ ಅವು ಅಳಿಯುತ್ತಿವೆ.

ಅಳಿಯನಾಗಿ ಆಳಿದವನು

ತೈಮೂರ್ ಹುಟ್ಟಿದ್ದು ಶಹ್ರಿಸಬ್ಜ್‌ಗೆ ಹತ್ತಿರದ ಹಳ್ಳಿಯೊಂದರಲ್ಲಿ. ಊರಿನ ಆಗಿನ ಹೆಸರು ಕೇಶ್. ಅಧಿಕೃತ ಜನ್ಮವರ್ಷ 1336. ಆದರೆ ಆತ 1320ರ ದಶಕದ ಕೊನೆಗೇ ಹುಟ್ಟಿರಬೇಕೆಂದು ಹಲವು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಆತನ ಕುಲ ಬರ್ಲಾಸ್. ಚೆಂಗಿಸ್ ಖಾನನ ಕಾಲದಲ್ಲಿ ಮಂಗೋಲಿಯಾದಿಂದ ಬಂದು, ನಾಲ್ಕೈದು ತಲೆಮಾರಿನಲ್ಲಿ ತುರ್ಕಿ ಮಾತನಾಡುವ ಮುಸ್ಲಿಮರಾಗಿ ಬದಲಾದ ಪಂಗಡ ಅದು. ‘ತೈಮೂರ್’ ಎಂಬ ಹೆಸರಿನ ಅರ್ಥ ಕಬ್ಬಿಣ. 1360ರ ದಶಕದಲ್ಲಿ ಸೀಸ್ತಾನ್ ಪ್ರದೇಶದ ಚಕಮಕಿಯೊಂದರಲ್ಲಿ ಬಲಗಾಲಿಗೂ ಬಲಗೈಗೂ ಪೆಟ್ಟು ಬಿತ್ತು. ಆತ ಜೀವನವಿಡೀ ಕುಂಟಿದ. ಪರ್ಷಿಯನ್ನಿನ ‘ಲಂಗ್’, ನಮ್ಮ ಬಾಯಲ್ಲಿ ‘ತೈಮೂರ್ ಲಂಗ’ ಆದದ್ದು ಹಾಗೆ.

ಆತ ಮೇಲೆ ಬಂದ ಬಗೆ ವೀರಗಾಥೆಗಿಂತ ಹೆಚ್ಚಾಗಿ ಲೆಕ್ಕಾಚಾರದ ಕಥೆ. 1360ರ ಹೊತ್ತಿಗೆ ಪೂರ್ವದ ಮೊಗಲಿಸ್ತಾನದ ಖಾನ ತುಘ್ಲುಕ್ ತೈಮೂರ್ ದಂಡೆತ್ತಿ ಬಂದಾಗ ಬರ್ಲಾಸರ ಹಿರಿಯ ಹಾಜಿ ಬೇಗ್ ಓಡಿಹೋದ. ತೈಮೂರ್ ಓಡಲಿಲ್ಲ, ಶರಣಾಗಿ ಕೇಶ್‌ನ ಅಧಿಕಾರ ಪಡೆದ. ಆಮೇಲೆ ಬಲ್ಖ್‌ನ ಅಮೀರ್ ಹುಸೇನನ ತಂಗಿಯನ್ನು ಮದುವೆಯಾಗಿ ಅವನ ಜೊತೆ ಸೇರಿ ಅದೇ ಮೊಗಲಿಸ್ತಾನದವರ ವಿರುದ್ಧ ಹೋರಾಡಿದ. 1365ರಲ್ಲಿ ಮಳೆಗೆ ಕೆಸರೆದ್ದ ಬಯಲಿನಲ್ಲಿ ಇಬ್ಬರೂ ಸೋತು ಸಮರಕಂದವನ್ನು ಬಿಟ್ಟು ಓಡಿದರು. ಊರನ್ನು ಉಳಿಸಿಕೊಂಡವರು ಸರ್ಬದಾರರೆಂಬ ಸಾಮಾನ್ಯ ಪಟ್ಟಣಿಗರು. ಮುತ್ತಿಗೆ ಹಾಕಿದವರ ಕುದುರೆಗಳಿಗೆ ರೋಗ ಬಡಿದದ್ದೂ ಅವರಿಗೆ ನೆರವಾಯಿತು. ಮರುವರ್ಷ ತೈಮೂರ್ ಮತ್ತು ಹುಸೇನ್ ಮರಳಿ ಬಂದು ಆ ಸರ್ಬದಾರ ನಾಯಕರನ್ನೇ ಹಿಡಿದು ಕೊಲ್ಲಿಸಿದರು. 1370ರಲ್ಲಿ ಹುಸೇನನ ಸರದಿ. ಬಲ್ಖ್ ಬಿತ್ತು, ಹುಸೇನ್ ಸತ್ತ, ತೈಮೂರ್ ಅಲ್ಲಿಯೇ ಪಟ್ಟವೇರಿದ.

ಆದರೂ ಆತ ‘ಖಾನ್’ ಎಂದು ಕರೆದುಕೊಳ್ಳಲಿಲ್ಲ. ಈ ಅಂಶವನ್ನು ಹಿಡಿಯದಿದ್ದರೆ ತೈಮೂರನ ರಾಜ್ಯ ಅರ್ಥವಾಗುವುದಿಲ್ಲ. ಮಧ್ಯ ಏಷ್ಯಾದ ಹುಲ್ಲುಗಾವಲಿನ ಕಟ್ಟಳೆಯಂತೆ ಖಾನ್ ಪದವಿ ಚೆಂಗಿಸನ ವಂಶದವರಿಗೆ ಮಾತ್ರ ಸಲ್ಲುತ್ತಿತ್ತು, ತೈಮೂರ್ ಆ ವಂಶದವನಲ್ಲ. ಅದಕ್ಕೆ ಆತ ಕಂಡುಕೊಂಡ ದಾರಿಗಳು ಎರಡು. ಚೆಂಗಿಸ್ ವಂಶದ ಸುಯೂರ್ಗತ್‌ಮಿಶ್‌ನನ್ನು, ಅವನ ನಂತರ ಅವನ ಮಗ ಸುಲ್ತಾನ್ ಮಹಮೂದನನ್ನು ಹೆಸರಿಗೆ ಖಾನನಾಗಿ ಕೂರಿಸಿ ನಾಣ್ಯಗಳಲ್ಲಿ ಅವರ ಹೆಸರು ಹಾಕಿಸಿದ. ಸತ್ತ ಹುಸೇನನ ಹೆಂಡತಿ, ಕಜಾನ್ ಖಾನನ ಮಗಳು ಸರಾಯ್ ಮುಲ್ಕ್ ಖಾನುಮ್‌ಳನ್ನು ಮದುವೆಯಾಗಿ ‘ಗುರ್ಕಾನ್’, ಅಂದರೆ ಖಾನನ ಮನೆಯ ಅಳಿಯ ಎಂಬ ಬಿರುದು ಧರಿಸಿದ. ಆತನ ಸ್ವಂತ ಪದವಿ ಕೊನೆಯವರೆಗೂ ಬರೀ ‘ಅಮೀರ್’. ನಾವು ಮೊಘಲರು ಎಂದು ಕರೆಯುವ ವಂಶದವರು ತಮ್ಮನ್ನು ‘ಗುರ್ಕಾನಿ’ಗಳು ಎಂದೇ ಕರೆದುಕೊಳ್ಳುತ್ತಿದ್ದರು. ಒಬ್ಬ ಅಳಿಯನ ಬಿರುದು ಹೀಗೆ ದೆಹಲಿಯ ಕೆಂಪುಕೋಟೆಯವರೆಗೂ ಬಂದಿದೆ.

ಊರು ಬಿದ್ದಾಗ ನಡೆಯುತ್ತಿದ್ದುದು

ತೈಮೂರನ ದಂಡಯಾತ್ರೆಗಳ ಪಟ್ಟಿ ಉದ್ದವಿದೆ: ಖ್ವಾರಜ್ಮ್, ಹೆರಾತ್, ಇಸ್ಫಹಾನ್, ಬಾಗ್ದಾದ್, ವೋಲ್ಗಾ ದಡದ ಸರಾಯ್, ದೆಹಲಿ, ಅಲೆಪ್ಪೊ, ಡಮಾಸ್ಕಸ್, ಅಂಕಾರಾ. ಎಲ್ಲವನ್ನೂ ವಿವರಿಸುವುದಕ್ಕಿಂತ ಒಂದು ಊರು ಬಿದ್ದಾಗ ಏನೇನು ನಡೆಯುತ್ತಿತ್ತು ಎಂಬುದನ್ನು ತಿಳಿದರೆ ಸಾಕು, ಏಕೆಂದರೆ ಕ್ರಮ ಹೆಚ್ಚುಕಡಿಮೆ ಒಂದೇ.

ಊರಿನವರು ಶರಣಾದರೆ ಅಭಯ ಸಿಗುತ್ತಿತ್ತು. ಆದರೆ ಆ ಅಭಯಕ್ಕೆ ಬೆಲೆಯಿತ್ತು, ಅದರ ಹೆಸರು ‘ಮಾಲ್-ಎ-ಅಮಾನ್’. ಒಂದು ಬಾಗಿಲು ಬಿಟ್ಟು ಕೋಟೆಯ ಉಳಿದ ಬಾಗಿಲುಗಳನ್ನು ಮುಚ್ಚುತ್ತಿದ್ದರು. ಕರಣಿಕರು ಮನೆಮನೆ ಲೆಕ್ಕ ಬರೆದುಕೊಳ್ಳುತ್ತಿದ್ದರು, ವಸೂಲಿಗಾರರು ಹಿಂದೆಯೇ ಬರುತ್ತಿದ್ದರು. ಬಚ್ಚಿಟ್ಟ ಹಣ ಹೊರಬರುವವರೆಗೆ ಹಿಂಸೆ ನಡೆಯುತ್ತಿತ್ತು. ನೇಕಾರರು, ಕಲ್ಲುಕುಟಿಗರು, ಬಡಗಿಗಳು, ಗಾಜು ಮತ್ತು ಲೋಹದ ಕೆಲಸದವರನ್ನು ಬೇರೆ ಮಾಡಿ ಸಮರಕಂದಕ್ಕೆ ಸಾಗಿಸುತ್ತಿದ್ದರು. ಈ ಹಂತದಲ್ಲಿ ಊರಿನವರು ತಿರುಗಿಬಿದ್ದರೆ ಅಭಯ ಮುರಿದುಬೀಳುತ್ತಿತ್ತು, ಕತ್ತಿ ಹೊರಬರುತ್ತಿತ್ತು. 1387ರಲ್ಲಿ ಇಸ್ಫಹಾನ್‌ನಲ್ಲಿ ಆದದ್ದು ಇದೇ. ವಸೂಲಿಗೆ ಬಂದವರನ್ನು ಜನ ಕೊಂದರು. ತೈಮೂರ್ ತನ್ನ ದಳಗಳಿಗೆ ಇಂತಿಷ್ಟು ತಲೆಗಳೆಂದು ಗೊತ್ತುಮಾಡಿದ. ಸತ್ತವರು 70,000 ಎಂದು ಆಸ್ಥಾನದ ಚರಿತ್ರೆಗಳು ಹೇಳುತ್ತವೆ. ಇಂಥ ಸಂಖ್ಯೆಗಳು ಉಬ್ಬುವುದು ಸಹಜ. ಆದರೆ ಹಾಫಿಜ್-ಇ-ಅಬ್ರೂ ಎಂಬ ಚರಿತ್ರಕಾರ ಊರಿನ ಅರ್ಧ ಸುತ್ತು ನಡೆದು, ತಲೆಬುರುಡೆಗಳ 28 ಗೋಪುರಗಳನ್ನು ಎಣಿಸಿ, ಒಂದೊಂದರಲ್ಲಿ ಸುಮಾರು 1,500 ಇದ್ದವೆಂದು ಬರೆದಿಟ್ಟಿದ್ದಾನೆ. ಅರ್ಧ ಸುತ್ತಿಗೇ 42,000. ಎಣಿಸಿದವನು ತೈಮೂರನ ಶತ್ರುವಲ್ಲ, ತೈಮೂರ್ ವಂಶದ ಅನ್ನ ಉಂಡವನು. ಹಾಗಾಗಿ ಈ ಲೆಕ್ಕಕ್ಕೆ ತೂಕ ಹೆಚ್ಚು.

ದೆಹಲಿಯಲ್ಲೂ ಇದೇ ಕ್ರಮ. 1398ರ ಡಿಸೆಂಬರ್ 17ರಂದು ತುಘಲಕ್ ಸುಲ್ತಾನ ನಾಸಿರುದ್ದೀನ್ ಮಹಮೂದನ ಸೈನ್ಯ ಸೋತಿತು. ಕದನಕ್ಕೆ ಮೊದಲೇ, ಹಿಂದಿನಿಂದ ತಿರುಗಿಬಿದ್ದಾರು ಎಂಬ ಭಯದಲ್ಲಿ ತೈಮೂರ್ ಸೆರೆಯಾಳುಗಳನ್ನೆಲ್ಲ ಕೊಲ್ಲಿಸಿದ. ಅವರ ಸಂಖ್ಯೆ ಒಂದು ಲಕ್ಷ ಎಂದು ತೈಮೂರನ ಕಡೆಯ ಬರಹಗಾರರೇ ಬರೆದಿದ್ದಾರೆ. ದೆಹಲಿಗೆ ಮೊದಲು ಅಭಯ ಸಿಕ್ಕಿತು, ವಸೂಲಿ ಆರಂಭವಾಯಿತು, ಕೈಕೈ ಮಿಲಾಯಿಸಿತು, ಲೂಟಿ ಮತ್ತು ಕೊಲೆ ಹಲವು ದಿನ ನಡೆದವು. ಆಮೇಲೆ ಕಲ್ಲುಕುಟಿಗರನ್ನು ತನ್ನ ಪಾಲಿಗೆ ತೆಗೆದಿರಿಸಿಕೊಂಡು ತೈಮೂರ್ ಎರಡು ವಾರದಲ್ಲಿ ಹೊರಟುಹೋದ. ದೆಹಲಿಯನ್ನು ಆಳುವ ಉದ್ದೇಶ ಆತನಿಗೆ ಇರಲಿಲ್ಲ.

ಗೆದ್ದ ನೆಲದ ಬಹುಭಾಗವನ್ನು ಆತ ಆಳಲಿಲ್ಲ ಎಂಬುದೇ ಆತನ ವಂಶದ ಮುಂದಿನ ಗತಿಯನ್ನೂ ವಿವರಿಸುತ್ತದೆ. ಸೈನ್ಯ ಸುಮ್ಮನೆ ಕೂತರೆ ಪಂಗಡಗಳು ಪರಸ್ಪರ ಕಚ್ಚಾಡುತ್ತವೆ. ಅವುಗಳನ್ನು ಹೊರಗಿನ ದಂಡಯಾತ್ರೆಯಲ್ಲಿ ತೊಡಗಿಸಿಟ್ಟು, ಲೂಟಿ ಹಂಚಿ ಹಿಡಿದಿಟ್ಟುಕೊಳ್ಳಬೇಕು. ಹಳೆಯ ಪಂಗಡದ ಮುಖಂಡರ ಜಾಗಕ್ಕೆ ತನ್ನ ಸ್ವಂತ ಬಂಟರನ್ನೂ ಮಕ್ಕಳು ಮೊಮ್ಮಕ್ಕಳನ್ನೂ ತಂದ. ಎಲ್ಲ ಹಗ್ಗಗಳ ತುದಿಯೂ ಒಬ್ಬನ ಕೈಯಲ್ಲಿತ್ತು. 1405ರ ಫೆಬ್ರುವರಿಯ ಕೊರೆಯುವ ಚಳಿಯಲ್ಲಿ, ಚೀನಾದ ಮೇಲೆ ಹೊರಟಿದ್ದಾಗ ಒತ್ರಾರ್‌ನಲ್ಲಿ ತೈಮೂರ್ ಸತ್ತ. ಆ ಹಗ್ಗಗಳು ಅದೇ ತಿಂಗಳು ಸಡಿಲಾದವು. ಉತ್ತರಾಧಿಕಾರಿ ಎಂದು ಹೆಸರಿಸಿದ್ದ ಪೀರ್ ಮುಹಮ್ಮದನಿಗೆ ಪಟ್ಟ ಸಿಗಲೇ ಇಲ್ಲ. ಮೊಮ್ಮಗ ಖಲೀಲ್ ಸುಲ್ತಾನ್ ಸಮರಕಂದವನ್ನು ಹಿಡಿದ. 1409ರಲ್ಲಿ ಕಿರಿಯ ಮಗ ಶಾರುಖ್ ಅವನನ್ನು ತೆಗೆದು, ಹೆರಾತಿನಿಂದ 1447ರವರೆಗೆ ಆಳಿದ.

ಈ ಶಾರುಖ್‌ನ ರಾಯಭಾರಿಯೇ ನಮಗೆ ಗೊತ್ತಿರುವ ಅಬ್ದುಲ್ ರಜಾಕ್. ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರಲ್ಲಿ ವಿಜಯನಗರ ತಲುಪಿದ. ಇಮ್ಮಡಿ ದೇವರಾಯ ಅವನಿಗೆ ದಿನಕ್ಕೆ ಎರಡು ಕುರಿ, ಅಕ್ಕಿ, ಬೆಣ್ಣೆ, ಸಕ್ಕರೆಯ ಜೊತೆಗೆ ಎರಡು ಚಿನ್ನದ ವರಾಹ ಗೊತ್ತುಮಾಡಿದ್ದ. ಏಳು ಸುತ್ತಿನ ಕೋಟೆ, ಮಹಾನವಮಿ, ಬೀದಿಯಲ್ಲಿ ಮುತ್ತು ರತ್ನ ಮಾರುವ ವ್ಯಾಪಾರಿಗಳು, ಇವುಗಳ ಬಗ್ಗೆ ಆತ ಬರೆದದ್ದನ್ನು ಹಂಪಿಯ ಕುರಿತ ಯಾವ ಪುಸ್ತಕವೂ ಬಿಡುವುದಿಲ್ಲ. ಅದಕ್ಕೂ ಮೊದಲು, ಕಲಬುರ್ಗಿಯ ಫಿರೋಜ್ ಶಾ ಬಹಮನಿ ತೈಮೂರನ ಬಳಿಗೇ ಕಾಣಿಕೆ ಕಳಿಸಿದ್ದನೆಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ತೈಮೂರನ ಕತ್ತಿ ದಖ್ಖನ್ನಿಗೆ ಬರಲಿಲ್ಲ, ಆತನ ಮನೆತನದ ಕಾಗದಪತ್ರ ಬಂತು.

ಇಬ್ಬರಿಗೂ ಒಂದೇ ಅನುಮಾನದ ಪುಸ್ತಕ

ಭಾರತದಲ್ಲಿ ತೈಮೂರನ ‘ಸ್ವಂತ ಮಾತು’ಗಳೆಂದು ಹರಿದಾಡುವ ಉಲ್ಲೇಖಗಳನ್ನು ನೀವು ಓದಿರುತ್ತೀರಿ: ‘ನಾನು ಹಿಂದೂಸ್ತಾನಕ್ಕೆ ಬಂದದ್ದು ಇದಕ್ಕಾಗಿ’ ಎಂದು ಶುರುವಾಗುವಂಥವು. ತಾಷ್ಕೆಂಟಿನ ಪ್ರತಿಮೆಯಲ್ಲಿ ಆತನದೇ ಎನ್ನಲಾದ ಇನ್ನೊಂದು ಮಾತಿದೆ: ‘ಬಲ ಇರುವುದು ನ್ಯಾಯದಲ್ಲಿ’. ಭಾರತದ ಉಲ್ಲೇಖಗಳು ಆತನ ಆತ್ಮಕಥೆಯಿಂದ ಬಂದವು ಎನ್ನುತ್ತಾರೆ, ಉಜ್ಬೇಕಿಸ್ತಾನದಲ್ಲಿ ಆತನ ನ್ಯಾಯಪರತೆಗೆ ಸಾಕ್ಷಿಯಾಗಿ ತೋರಿಸುವುದು ಆತನ ‘ತುಜುಕ್’, ಅಂದರೆ ಕಟ್ಟಳೆಗಳ ಗ್ರಂಥವನ್ನು.

ಈ ಎರಡು ಪಠ್ಯಗಳೂ ಒಂದೇ ಕಡೆಯಿಂದ ಬಂದವು. 17ನೇ ಶತಮಾನದಲ್ಲಿ, ತೈಮೂರ್ ಸತ್ತು ಎರಡು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, ಅಬು ತಾಲಿಬ್ ಹುಸೇನಿ ಎಂಬಾತ ಷಾಜಹಾನನ ಆಸ್ಥಾನಕ್ಕೆ ಇವುಗಳನ್ನು ತಂದೊಪ್ಪಿಸಿದ. ದೂರದ ಗ್ರಂಥಾಲಯವೊಂದರಲ್ಲಿ ಸಿಕ್ಕ ತುರ್ಕಿ ಮೂಲದ ಪರ್ಷಿಯನ್ ಅನುವಾದ ಎಂದು ಹೇಳಿಕೊಂಡ. ಆ ತುರ್ಕಿ ಮೂಲವನ್ನು ಯಾರೂ ಕಂಡಿಲ್ಲ. ತೈಮೂರನ ಕಾಲದಲ್ಲೇ ಬರೆದ ನಿಜಾಮುದ್ದೀನ್ ಶಾಮಿಗಾಗಲಿ, ಆತನ ಮೊಮ್ಮಗನ ಕಾಲದ ಶರಫುದ್ದೀನ್ ಯಜ್ದಿಗಾಗಲಿ ಇಂಥ ಆತ್ಮಕಥೆಯ ಸುಳಿವೇ ಇಲ್ಲ. ಷಾಜಹಾನ್ ತನ್ನನ್ನು ‘ಎರಡನೆಯ ಸಾಹಿಬ್-ಎ-ಖಿರಾನ್’, ಅಂದರೆ ಶುಭ ಗ್ರಹಕೂಟದ ಒಡೆಯ, ಎಂದು ಕರೆದುಕೊಂಡವನು, ಮೊದಲನೆಯವನು ತೈಮೂರ್. ಪೂರ್ವಜನ ಆತ್ಮಕಥೆಗೆ ಆ ಆಸ್ಥಾನದಲ್ಲಿ ಗಿರಾಕಿ ಇದ್ದ. ಇತಿಹಾಸಕಾರರಲ್ಲಿ ಬಹುಪಾಲು ಮಂದಿ ಇದನ್ನು ಕೃತಕ ರಚನೆ ಎಂದೇ ಪರಿಗಣಿಸುತ್ತಾರೆ.

19ನೇ ಶತಮಾನದ ಬ್ರಿಟಿಷ್ ಸಂಕಲನಕಾರರು ಅದರ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಂದರು, ಅಲ್ಲಿಂದ ಅವು ನಮ್ಮ ಭಾಷಣ, ಫಾರ್ವರ್ಡ್‌ಗಳಿಗೆ ಇಳಿದವು. ದೆಹಲಿಯ ಹತ್ಯಾಕಾಂಡ ಸುಳ್ಳು ಎಂದು ಇದರ ಅರ್ಥವಲ್ಲ. ಅದಕ್ಕೆ ಶಾಮಿ, ಯಜ್ದಿಯರ ಸಾಕ್ಷ್ಯವೇ ಸಾಕು, ಮತ್ತು ಅದು ಭೀಕರವಾಗಿಯೇ ಇದೆ. ‘ನಾನು’ ಎಂದು ಮಾತನಾಡುವ ತೈಮೂರ್ ಮಾತ್ರ ಮೊಘಲ್ ಆಸ್ಥಾನದಲ್ಲಿ ಹುಟ್ಟಿದವನು. ಬೈಯುವವರೂ ಹೊಗಳುವವರೂ ಆ ಒಂದೇ ಬೊಂಬೆಯ ಬಾಯಿಂದ ಬೇರೆ ಬೇರೆ ಮಾತು ಆಡಿಸುತ್ತಿದ್ದಾರೆ.

ಅವಸರದ ಗಾರೆ

ಆತ ಕಟ್ಟಿಸಿದ್ದು ಮಾತ್ರ ಇಂದಿಗೂ ಕಣ್ಣೆದುರು ಇದೆ, ಮತ್ತು ಅದು ಆತನ ಸ್ವಭಾವವನ್ನು ಯಾವ ಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತದೆ. ದೆಹಲಿಯಿಂದ ಮರಳಿದ ಕೂಡಲೇ, 1399ರಲ್ಲಿ, ಸಮರಕಂದದಲ್ಲಿ ಜುಮಾ ಮಸೀದಿಗೆ ಅಡಿಪಾಯ ಹಾಕಿಸಿದ. ಇಂದು ಅದನ್ನು ಬೀಬಿ ಖಾನುಮ್ ಮಸೀದಿ ಎನ್ನುತ್ತಾರೆ. ಯಜ್ದಿಯ ಲೆಕ್ಕದಂತೆ ಅಜರ್‌ಬೈಜಾನ್, ಫಾರ್ಸ್, ಹಿಂದೂಸ್ತಾನದ 200 ಕಲ್ಲುಕುಟಿಗರು ಸ್ಥಳದಲ್ಲಿ ಕೆಲಸ ಮಾಡಿದರು, 500 ಆಳುಗಳು ಬೆಟ್ಟದಲ್ಲಿ ಕಲ್ಲು ಕಡಿದರು, ಅದನ್ನು ಎಳೆಯಲು ಹಿಂದೂಸ್ತಾನದಿಂದ ತಂದ 95 ಆನೆಗಳಿದ್ದವು. ಐದು ವರ್ಷದಲ್ಲಿ ಕಟ್ಟಡ ಎದ್ದಿತು. ಮುಖ್ಯ ಗುಮ್ಮಟದ ಎತ್ತರ ಸುಮಾರು 40 ಮೀಟರ್. 1404ರಲ್ಲಿ ಸ್ಪೇನಿನ ಕ್ಯಾಸ್ಟೀಲ್ ರಾಜನ ರಾಯಭಾರಿ ಕ್ಲಾವಿಹೊ ಅಲ್ಲಿಗೆ ಬಂದಾಗ, ದ್ವಾರ ತಗ್ಗಾಯಿತೆಂದು ತೈಮೂರ್ ಅದನ್ನು ಕೆಡವಿಸುತ್ತಿದ್ದ. ಕಾಯಿಲೆ ಬಿದ್ದಿದ್ದರೂ ಪಲ್ಲಕ್ಕಿಯಲ್ಲಿ ಬಂದು, ಅಡಿಪಾಯದ ಗುಂಡಿಯಲ್ಲಿ ದುಡಿಯುವವರಿಗೆ ಮೇಲಿನಿಂದ ಮಾಂಸದ ತುಂಡು, ನಾಣ್ಯ ಎಸೆದು ಹುರಿದುಂಬಿಸುತ್ತಿದ್ದ. ಕಾಮಗಾರಿಯ ಮೇಲ್ವಿಚಾರಕನನ್ನು ಕೊಲ್ಲಿಸಿದನೆಂದು ಚರಿತ್ರಕಾರ ಇಬ್ನ್ ಅರಬ್‌ಷಾ ಬರೆದಿದ್ದಾನೆ.

ಕೆಲವೇ ವರ್ಷಗಳಲ್ಲಿ ಆ ಮಸೀದಿಯ ಗುಮ್ಮಟದಿಂದ ನಮಾಜಿನವರ ಮೇಲೆ ಇಟ್ಟಿಗೆ ಉದುರತೊಡಗಿದವು. ಏಕೆ ಎಂಬುದು ಕಟ್ಟಡ ಕೆಲಸ ಬಲ್ಲವರಿಗೆ ಒಗಟೇನಲ್ಲ. ಆ ಪ್ರದೇಶದ ಗಾರೆ ಜಿಪ್ಸಂ ಆಧಾರಿತ. ಅಲ್ಲಿಯವರು ಅದನ್ನು ‘ಗಂಚ್’ ಎನ್ನುತ್ತಾರೆ. ಸುಣ್ಣದ ಗಾರೆ ಬಿಗಿಯಾಗಲು ತಿಂಗಳುಗಳು ಬೇಕು. ಗಂಚ್ ನಿಮಿಷಗಳಲ್ಲಿ ಕಚ್ಚಿಕೊಳ್ಳುತ್ತದೆ. ಮರದ ಆಸರೆ ಹೆಚ್ಚು ಇಲ್ಲದೆ ಕಮಾನು ಏರಿಸಬಹುದು, ಕೆಲಸ ಓಡುತ್ತದೆ. ಆದರೆ ಅದಕ್ಕೆ ತೇವ ಆಗದು. ನೆಲದ ನೀರು ಗೋಡೆಯೊಳಗೆ ಏರಿದರೆ ಜಿಪ್ಸಂ ಕರಗುತ್ತದೆ, ನೀರಿನ ಜೊತೆ ಬಂದ ಉಪ್ಪು ಮೇಲ್ಮೈಯಲ್ಲಿ ಹರಳುಗಟ್ಟಿ ಬಣ್ಣದ ಟೈಲ್ಸ್‌ಗಳನ್ನು ಹಿಂದಿನಿಂದ ನೂಕಿ ಉದುರಿಸುತ್ತದೆ. ಕೆಳಗಿನ ಮಣ್ಣು ಗಾಳಿ ತಂದು ಹಾಸಿದ ಹಳದಿ ಮೆಕ್ಕಲು: ಒಣಗಿದ್ದಾಗ ಗಟ್ಟಿ, ನೆನೆದರೆ ಕುಸಿತ. ಭಾರದ ಕಟ್ಟಡವನ್ನು ಹಂತಹಂತವಾಗಿ ಏರಿಸಿ, ಮಣ್ಣು ಅಮರಲು ಒಂದೆರಡು ಚಳಿಗಾಲ ಬಿಡುವುದು ಜಾಣತನ. ಭೂಕಂಪದ ಸೀಮೆಯಾದ್ದರಿಂದ ಜಾಣ ಗಾರೆಯವರು ಗೋಡೆಯ ಬುಡದಲ್ಲಿ ಜೊಂಡಿನ ಪದರ ಹಾಸುವ ರೂಢಿಯೂ ಇತ್ತು. ಅದು ತೇವವನ್ನೂ ತಡೆಯುತ್ತದೆ, ನಡುಕವನ್ನೂ ಮೆತ್ತಗಾಗಿಸುತ್ತದೆ. ದೊರೆ ನೆತ್ತಿಯ ಮೇಲೆ ನಿಂತಿರುವಾಗ, ಐದೇ ವರ್ಷದ ಕೆಲಸದಲ್ಲಿ, ಅಷ್ಟು ಅಗಲದ ಗುಮ್ಮಟಕ್ಕೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? 1897ರ ಭೂಕಂಪ ಉಳಿದದ್ದರಲ್ಲೂ ದೊಡ್ಡ ಪಾಲನ್ನು ಉರುಳಿಸಿತು.

ಇಂದು ಪ್ರವಾಸಿಗರು ಫೋಟೊ ತೆಗೆಯುವ ನೀಲಿ ಗುಮ್ಮಟದ ಬಹುಭಾಗ 1974ರ ನಂತರದ ಸೋವಿಯತ್ ಮರುನಿರ್ಮಾಣ. ಅಲ್ಲಿಯೂ ಕಾಂಕ್ರೀಟ್ ಬಳಸಿದರು. ಹಳೆಯ ಇಟ್ಟಿಗೆಗೆ ಸಿಮೆಂಟ್ ಕಟ್ಟಿದರೆ ಗೋಡೆಯ ಉಸಿರು ಕಟ್ಟುತ್ತದೆ. ತೇವ ಸಿಮೆಂಟಿನ ಮೂಲಕ ಹೊರಹೋಗಲಾರದೆ ಇನ್ನೂ ಮೇಲಕ್ಕೇರಿ, ಅಲ್ಲಿಯವರೆಗೆ ಚೆನ್ನಾಗಿದ್ದ ಇಟ್ಟಿಗೆಯನ್ನು ತಿನ್ನುತ್ತದೆ. ಇದಕ್ಕೆ ಹೋಲಿಸಿದರೆ 1932ರಲ್ಲಿ ಸಮರಕಂದದ ರೆಜಿಸ್ತಾನ ಚೌಕದಲ್ಲಿರುವ, ತೈಮೂರನ ಮೊಮ್ಮಗ ಉಲುಗ್ ಬೇಗನ ಮದರಸಾದಲ್ಲಿ ನಡೆದ ಕೆಲಸ ಮೆಚ್ಚುವಂಥದ್ದು. ವಾಲಿದ್ದ ಮಿನಾರೊಂದನ್ನು ಎಂಜಿನಿಯರ್ ಶೂಖೊವ್ ಯೋಜನೆಯಂತೆ ಬಿಚ್ಚದೆ, ಇದ್ದಂತೆಯೇ ನೆಟ್ಟಗೆ ಮಾಡಿದರು. ಹಳೆಯದನ್ನು ಹಳೆಯದಾಗಿಯೇ ಉಳಿಸುವುದು ಆ ಮಣ್ಣಿನಲ್ಲೂ ಸಾಧ್ಯವಿತ್ತು.

ಕ್ಲಾವಿಹೊ ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದಾನೆ. ಸಮರಕಂದದ ವ್ಯಾಪಾರಕ್ಕೆ ಒಳ್ಳೆಯ ಬೀದಿಯಿಲ್ಲವೆಂದು, ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂ ಬದಿ ಅಂಗಡಿಯಿರುವ ಅಗಲ ಬೀದಿ ಹೊರಡಿಸುವಂತೆ ತೈಮೂರ್ ಇಬ್ಬರು ಅಧಿಕಾರಿಗಳಿಗೆ ಅಪ್ಪಣೆ ಮಾಡಿದ. ತಪ್ಪಿದರೆ ತಲೆದಂಡ. ಅಡ್ಡಬಂದ ಮನೆಗಳನ್ನು ಮುನ್ಸೂಚನೆಯಿಲ್ಲದೆ ಕೆಡವಿದರು. ಮನೆಯವರು ಕೈಗೆ ಸಿಕ್ಕದ್ದನ್ನು ಎತ್ತಿಕೊಂಡು ಓಡಿದರು. ಹಗಲಿನ ಆಳುಗಳು ಹೋದರೆ ರಾತ್ರಿಯ ಆಳುಗಳು ಬಂದರು. 20 ದಿನದಲ್ಲಿ ಬೀದಿ ಸಿದ್ಧ: ಮೇಲೆ ಕಮಾನಿನ ಚಾವಣಿ, ನಡುನಡುವೆ ನೀರಿನ ಕಾರಂಜಿ. ಪರಿಹಾರ ಕೊಡಬೇಕಲ್ಲವೇ ಎಂದು ತೈಮೂರನೊಡನೆ ಚದುರಂಗವಾಡುವ ಸಲಿಗೆಯಿದ್ದ ಕೆಲವರು ಕೇಳಿದ್ದಕ್ಕೆ ಆತ ಸಿಡಿದೆದ್ದು, ಈ ಊರು ನನ್ನದು, ದುಡ್ಡು ಕೊಟ್ಟು ಕೊಂಡದ್ದು, ಬೇಕಾದರೆ ನಾಳೆ ಪತ್ರ ತೋರಿಸುತ್ತೇನೆ ಎಂದನಂತೆ.

ಮಾರ್ಕ್ಸ್ ಇಳಿದ, ತೈಮೂರ್ ಏರಿದ

ಸೋವಿಯತ್ ಕಾಲದಲ್ಲಿ ತೈಮೂರ್ ಕ್ರೂರ ಊಳಿಗಮಾನ್ಯ ದೊರೆ. ಆತನನ್ನು ಹೊಗಳುವುದು ರಾಷ್ಟ್ರವಾದದ ದೋಷ. 1968ರಲ್ಲಿ ಇಬ್ರಾಹಿಂ ಮುಮಿನೋವ್ ಎಂಬ ಉಜ್ಬೆಕ್ ವಿದ್ವಾಂಸರು ಆತನ ಪಾತ್ರವನ್ನು ಮರುಪರಿಶೀಲಿಸಿ ಒಂದು ಕಿರುಹೊತ್ತಗೆ ಬರೆದು ಟೀಕೆಗೆ ಗುರಿಯಾದರು.

ಅದೇ ಸೋವಿಯತ್ ಆಡಳಿತ ಆತನ ಗೋರಿಯನ್ನು ಅಗೆಸಿದ್ದೂ ನಿಜ. 1941ರ ಜೂನ್‌ನಲ್ಲಿ ಸಮರಕಂದದ ಗೂರ್-ಎ-ಅಮೀರ್‌ನಲ್ಲಿ ಮೂಳೆಗಳು ಹೊರಬಂದವು. ಮಾನವಶಾಸ್ತ್ರಜ್ಞ ಮಿಖಾಯಿಲ್ ಗೆರಾಸಿಮೊವ್ ತಲೆಬುರುಡೆಯ ಆಧಾರದಲ್ಲಿ ಮುಖವನ್ನು ರೂಪಿಸಿದರು. ಬಲ ಮಂಡಿಚಿಪ್ಪು ತೊಡೆಯ ಮೂಳೆಗೆ ಅಂಟಿತ್ತು, ಬಲ ಮೊಣಕೈ ಮಡಚಿದಂತೆಯೇ ಬಿಗಿದಿತ್ತು. ಎತ್ತರ ಸುಮಾರು 170 ಸೆಂಟಿಮೀಟರ್. ಮೊಮ್ಮಗ ಉಲುಗ್ ಬೇಗನ ಕತ್ತಿನ ಮೂಳೆಯಲ್ಲಿ ಕತ್ತಿಯ ಕಡಿತವಿತ್ತು. 1449ರಲ್ಲಿ ಮಗನ ಆಜ್ಞೆಯಿಂದ ಆದ ಕೊಲೆಯ ವಿವರ ಮೂಳೆಯೊಂದಿಗೆ ತಾಳೆಯಾಯಿತು. ಬರಹದಲ್ಲಿದ್ದದ್ದನ್ನು ಮಣ್ಣು ಖಚಿತಪಡಿಸಿದ ಅಪರೂಪದ ಸಂದರ್ಭ ಇದು.

ಆದರೆ ಜನರ ನೆನಪಿನಲ್ಲಿ ಉಳಿದದ್ದು ಶಾಪದ ಕಥೆ: ಗೋರಿ ತೆರೆದರು, ಜೂನ್ 22ರಂದು ಹಿಟ್ಲರ್ ದಾಳಿ ಮಾಡಿದ, ಮೂಳೆಗಳನ್ನು ಮರಳಿ ಹೂತರು, ಸ್ಟಾಲಿನ್‌ಗ್ರಾದ್ ಗೆದ್ದಿತು. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ಕಥೆ ನಿಲ್ಲುವುದಿಲ್ಲ. ದಾಳಿಯ ಆದೇಶಕ್ಕೆ ಹಿಟ್ಲರ್ ಸಹಿ ಹಾಕಿದ್ದು 1940ರ ಡಿಸೆಂಬರ್ 18ರಂದು. ಸ್ಟಾಲಿನ್‌ಗ್ರಾದ್‌ನಲ್ಲಿ ಜರ್ಮನರನ್ನು ಸುತ್ತುವರಿಯುವ ಕಾರ್ಯಾಚರಣೆ ಶುರುವಾದದ್ದು 1942ರ ನವೆಂಬರ್ 19ರಂದು. ಮೂಳೆಗಳು ಮಣ್ಣಿಗೆ ಮರಳಿದ್ದು ಅದರ ಮರುತಿಂಗಳು. ಗೋರಿಯ ಕಡುಹಸಿರು ಜೇಡ್ ಕಲ್ಲಿನ ಮೇಲೆ ಇರುವುದು ವಂಶಾವಳಿ. ತೈಮೂರನ ಮೂಲವನ್ನು ಚೆಂಗಿಸನ ಪೂರ್ವಜೆ ಅಲಾನ್ ಗೋವಾಗೂ, ಅಲ್ಲಿಂದ ಪ್ರವಾದಿಯ ಅಳಿಯ ಅಲಿಗೂ ಜೋಡಿಸುವ ಬರಹ ಅದು. ಬದುಕಿದ್ದಾಗ ಅಳಿಯನಾಗಿ ಆಳಿದವನಿಗೆ ಸತ್ತ ಮೇಲೆ ಮೊಮ್ಮಕ್ಕಳು ಹುಲ್ಲುಗಾವಲಿನ ರಕ್ತವನ್ನೂ ಇಸ್ಲಾಮಿನ ರಕ್ತವನ್ನೂ ಕೊಟ್ಟರು. ಶಾಪಕ್ಕಿಂತ ಇದು ಎಷ್ಟೋ ಹೆಚ್ಚು ಕುತೂಹಲದ್ದು.

1991ರಲ್ಲಿ ಸ್ವತಂತ್ರವಾದ ಉಜ್ಬೇಕಿಸ್ತಾನಕ್ಕೆ ಒಬ್ಬ ಪೂರ್ವಜ ಬೇಕಿತ್ತು. ನೆರೆಯ ತಜಿಕಿಸ್ತಾನ ಸಾಮಾನಿ ದೊರೆ ಇಸ್ಮಾಯಿಲ್‌ನನ್ನು, ಕಿರ್ಗಿಸ್ತಾನ ಮಹಾಕಾವ್ಯದ ಮನಾಸ್‌ನನ್ನು ಆರಿಸಿಕೊಂಡವು. ತಾಷ್ಕೆಂಟಿನ ನಡುಚೌಕದಲ್ಲಿ ತ್ಸಾರ್ ಕಾಲದ ಗವರ್ನರ್ ಕೌಫ್‌ಮನ್, ಆಮೇಲೆ ಸ್ಟಾಲಿನ್, ಆಮೇಲೆ ಕಾರ್ಲ್ ಮಾರ್ಕ್ಸ್ ನಿಂತು ಹೋದ ಜಾಗದಲ್ಲಿ 1993ರಲ್ಲಿ ಕುದುರೆಯೇರಿದ ತೈಮೂರ್ ಬಂದ. 1996 ‘ಅಮೀರ್ ತೆಮೂರ್ ವರ್ಷ’ವಾಯಿತು, ತಾಷ್ಕೆಂಟಿನಲ್ಲಿ ಆತನ ಮ್ಯೂಸಿಯಂ ತೆರೆಯಿತು, ಆತನ ಹೆಸರಿನ ಪದಕ ಬಂತು. ಇಂದು ತಾಷ್ಕೆಂಟಿನಲ್ಲಿ ಆತ ಕುದುರೆಯ ಮೇಲಿದ್ದಾನೆ, ಸಮರಕಂದದಲ್ಲಿ ಕೂತಿದ್ದಾನೆ, ಶಹ್ರಿಸಬ್ಜ್‌ನಲ್ಲಿ ನಿಂತಿದ್ದಾನೆ.

ಇತಿಹಾಸದ ದೃಷ್ಟಿಯಿಂದ ಇದರಲ್ಲಿ ಒಂದು ತೊಡಕಿದೆ. 1500ರ ಆಸುಪಾಸಿನಲ್ಲಿ ಸಮರಕಂದವನ್ನು ತೈಮೂರ್ ವಂಶದಿಂದ ಕಿತ್ತುಕೊಂಡವರು ಶೈಬಾನಿ ಖಾನನ ಉಜ್ಬೆಕ್‌ಗಳೇ. ಅವರಿಂದ ಸೋತು ಓಡಿದ ಬಾಬರ್ 1504ರಲ್ಲಿ ಕಾಬೂಲ್ ಹಿಡಿದು, 1526ರಲ್ಲಿ ಪಾಣಿಪತ್ತಿಗೆ ಬಂದ. ಅಂದರೆ ಓಡಿಸಿದವರ ಹೆಸರು ಹೊತ್ತ ದೇಶ ಓಡಿಸಿಕೊಂಡವರ ಮೂಲಪುರುಷನನ್ನು ತಂದೆ ಎನ್ನುತ್ತಿದೆ. ಹಾಗೆಂದು ಆ ದೇಶದವರಿಗೆ ತೈಮೂರನ ಮೇಲೆ ಹಕ್ಕಿಲ್ಲ ಎನ್ನುವುದು ಅನ್ಯಾಯ. ಇಂದಿನ ಉಜ್ಬೆಕ್ ಎಂಬ ರಾಷ್ಟ್ರೀಯತೆಯ ಗಡಿ ಗಟ್ಟಿಯಾದದ್ದು 1924ರಲ್ಲಿ ಸೋವಿಯತ್ ಗಣರಾಜ್ಯ ರಚನೆಯಾದಾಗ. ಶೈಬಾನಿಯೊಂದಿಗೆ ಬಂದವರು, ಮೊದಲೇ ಇದ್ದ ಚಗತಾಯ್ ತುರ್ಕಿ ಮಾತಿನವರು, ಪರ್ಷಿಯನ್ ಮಾತಿನ ಪಟ್ಟಣಿಗರು ಎಲ್ಲ ಅದರಲ್ಲಿ ಬೆರೆತಿದ್ದಾರೆ. ತೈಮೂರ್ ವಂಶದ ಹೆರಾತಿನಲ್ಲಿ ಬರೆದ ಕವಿ ನವಾಯಿಯ ತುರ್ಕಿಯೇ ಇಂದಿನ ಉಜ್ಬೆಕ್ ಸಾಹಿತ್ಯದ ತಾಯಿಬೇರು. ನನ್ನ ತಕರಾರು ಇರುವುದು ಆತನನ್ನು ತಮ್ಮವನೆಂದು ಕರೆದುಕೊಂಡದ್ದಕ್ಕಲ್ಲ. ಇಸ್ಫಹಾನಿನ 28 ಗೋಪುರಗಳನ್ನು ಬಿಟ್ಟು ನೀಲಿ ಗುಮ್ಮಟಗಳನ್ನಷ್ಟೇ ತಮ್ಮದೆನ್ನುವುದಕ್ಕೆ; ಆಮೇಲೆ ಆ ಗುಮ್ಮಟಗಳ ಸುತ್ತಲಿನ ಊರನ್ನೂ ಬೇಡವೆನ್ನುವುದಕ್ಕೆ.

ಶಹ್ರಿಸಬ್ಜ್‌ನಲ್ಲಿ ಕಳೆದುಹೋದದ್ದು

ಈ ಪಟ್ಟಣ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ನಾಲ್ಕಾರು ಸ್ಮಾರಕಗಳಿಗಾಗಿ ಮಾತ್ರ ಅಲ್ಲ. 1380ರಲ್ಲಿ ಶುರುವಾದ ಆಕ್ ಸರಾಯ್ ಅರಮನೆಯ ದ್ವಾರದ ಎರಡು ಮುರುಕು ಗೋಪುರಗಳು ಇಂದಿಗೂ ಸುಮಾರು 38 ಮೀಟರ್ ಎತ್ತರ ನಿಂತಿವೆ. ನಡುವಿನ 22 ಮೀಟರ್ ಅಗಲದ ಕಮಾನು ಬಿದ್ದುಹೋಗಿದೆ. ಊರಿನ ಇನ್ನೊಂದು ಕಡೆ 1430ರ ದಶಕದಲ್ಲಿ ಉಲುಗ್ ಬೇಗ್ ಕಟ್ಟಿಸಿದ ಕೋಕ್ ಗುಂಬಜ್ ಮಸೀದಿ, ತೈಮೂರನ ಹಿರಿಮಗ ಜಹಾಂಗೀರನ ಗೋರಿ. ಇವೆಲ್ಲವನ್ನೂ ಒಂದು ಊರಾಗಿ ಹೊಲಿದಿದ್ದದ್ದು ನಡುವಿನ ಮೊಹಲ್ಲಾಗಳು: ಒಳ ಅಂಗಳದ ಸುತ್ತ ಕೋಣೆಗಳಿರುವ ಮಣ್ಣಿನ ಗೋಡೆಯ ಮನೆಗಳು, ಅಂಗಳದಲ್ಲಿ ದ್ರಾಕ್ಷಿ ಬಳ್ಳಿ, ಓಣಿಯ ಬದಿಯಲ್ಲಿ ಹರಿಯುವ ಸಣ್ಣ ಕಾಲುವೆ, ನಾಲ್ಕು ದಾರಿ ಕೂಡುವಲ್ಲಿ ಚೋರ್ಸು ಪೇಟೆ. ಮನೆಗಳು ಈಚಿನವಿರಬಹುದು, ಓಣಿಯ ತಿರುವುಗಳು ಹಳೆಯವು. ಮಧ್ಯಯುಗದ ಪಟ್ಟಣದ ನಕ್ಷೆ ಉಳಿದಿದ್ದದ್ದು ಆ ತಿರುವುಗಳಲ್ಲಿ.

2014ರಿಂದ 2016ರವರೆಗಿನ ಸರ್ಕಾರಿ ಕಾರ್ಯಕ್ರಮ ಆ ಹೊಲಿಗೆಯನ್ನು ಬಿಚ್ಚಿತು. ಪರಿಣಾಮ ಸೌಂದರ್ಯದ ನಷ್ಟಕ್ಕೆ ನಿಲ್ಲುವುದಿಲ್ಲ. ಓಣಿಗಳು ಹೋದರೆ ಗೋಪುರದ ಎತ್ತರದ ಅಳತೆಯೇ ತಪ್ಪುತ್ತದೆ. ಆಳೆತ್ತರದ ಮಣ್ಣುಗೋಡೆಗಳ ನಡುವಿನಿಂದ ದಿಢೀರನೆ ಎದುರಾಗುತ್ತಿದ್ದದ್ದು ಈಗ ಬಯಲಿನ ತುದಿಯ ಕಂಬ. ಮನೆಗಳ ಅಡಿಯಲ್ಲಿದ್ದ ಪುರಾತತ್ವದ ಪದರಗಳನ್ನು ಅಗೆದು ದಾಖಲಿಸಬೇಕಿದ್ದ ಜಾಗದ ಮೇಲೆ ಕಲ್ಲುಹಾಸು ಬಿದ್ದಿದೆ. ಒಣ ಸೀಮೆಯಲ್ಲಿ ಹುಲ್ಲುಹಾಸು ಹಸಿರಾಗಿರಬೇಕಾದರೆ ದಿನವೂ ನೀರು ಹಾಯಿಸಬೇಕು. ಆ ಮೆಕ್ಕಲು ಮಣ್ಣಿಗೂ ಗಂಚ್ ಗಾರೆಗೂ ನೀರು ಏನು ಮಾಡುತ್ತದೆ ಎಂಬುದನ್ನು ಸಮರಕಂದ ಆಗಲೇ ತೋರಿಸಿದೆ. ಇಷ್ಟರ ಮೇಲೆ, ಅಲ್ಲಿ ಬದುಕಿದ್ದವರು ಹೋದ ಮೇಲೆ ಸಂಜೆ ಅಂಗಡಿ ಮುಚ್ಚಿದರೆ ಊರೇ ಮುಚ್ಚಿದಂತೆ.

ಅಪಾಯದ ಪಟ್ಟಿಗೆ ಸೇರುವುದು ಶಿಕ್ಷೆಯಲ್ಲ. 21 ಸದಸ್ಯ ದೇಶಗಳ ಸಮಿತಿ ತಜ್ಞರ ತಂಡವನ್ನು ಕಳಿಸುತ್ತದೆ, ಸರಿಪಡಿಸಬೇಕಾದ ಕ್ರಮಗಳನ್ನು ಗೊತ್ತುಮಾಡುತ್ತದೆ, ವರ್ಷ ವರ್ಷ ವರದಿ ಕೇಳುತ್ತದೆ. ಸರಿಹೋದರೆ ಹೆಸರು ಹೊರಬರುತ್ತದೆ. ಪರಂಪರೆಯೆಂದು ಗುರುತಿಸಿದ ಕಾರಣವೇ ಅಳಿದುಹೋಗಿದ್ದರೆ ವಿಶ್ವ ಪರಂಪರೆಯ ಪಟ್ಟಿಯಿಂದಲೇ ತೆಗೆಯುತ್ತಾರೆ. 2007ರಲ್ಲಿ ಒಮಾನಿನ ಓರಿಕ್ಸ್ ಅಭಯಾರಣ್ಯ, 2009ರಲ್ಲಿ ಜರ್ಮನಿಯ ಡ್ರೆಸ್ಡೆನ್, 2021ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಹಾಗಾಯಿತು. ಕರ್ನಾಟಕಕ್ಕೆ ಅಪಾಯದ ಪಟ್ಟಿ ಅಪರಿಚಿತವಲ್ಲ. ತುಂಗಭದ್ರೆಗೆ ಅಡ್ಡಲಾಗಿ ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೆ 1999ರಲ್ಲಿ ಹಂಪಿ ಅದೇ ಪಟ್ಟಿ ಸೇರಿತು, ನಿರ್ವಹಣಾ ಪ್ರಾಧಿಕಾರ ಬಂದು ಯೋಜನೆ ರೂಪುಗೊಂಡ ಮೇಲೆ 2006ರಲ್ಲಿ ಹೊರಬಂತು. ಕಾಮಗಾರಿಯಲ್ಲಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದವರ ಮನೆ, ಅಂಗಡಿಗಳನ್ನು ಜೆಸಿಬಿಗಳು ಕೆಡವಿದವು.

ಹಂಪಿಯಲ್ಲಿ ತೆರವು ನಡೆದದ್ದು ಮಂಟಪಗಳನ್ನು ಉಳಿಸುವ ಹೆಸರಿನಲ್ಲಿ, ಶಹ್ರಿಸಬ್ಜ್‌ನಲ್ಲಿ ಸ್ಮಾರಕಗಳಿಗೆ ಬಯಲು ಬಿಡಿಸುವ ಹೆಸರಿನಲ್ಲಿ. ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. ಹಂಪಿಯ ತೊಂದರೆ ಹೊಸದಾಗಿ ಸೇರಿದ ಸೇತುವೆಯದು, ಅದನ್ನು ತಡೆಯಬಹುದಿತ್ತು. ಶಹ್ರಿಸಬ್ಜ್‌ನ ತೊಂದರೆ ಇಲ್ಲವಾದ ಮನೆಗಳದು. ಕೆಡವಿದ ಓಣಿಯನ್ನು ಮತ್ತೆ ಕಟ್ಟಿದರೆ ಅದು ಓಣಿಯ ನಕಲು. ಅದಕ್ಕೇ ಸಮಿತಿಯ ಮುಂದಿರುವ ಆಯ್ಕೆಗಳು ಕಷ್ಟದವು: ಇಡೀ ಪಟ್ಟಣದ ಬದಲು ಉಳಿದ ಸ್ಮಾರಕಗಳನ್ನಷ್ಟೇ ಪಟ್ಟಿಯಲ್ಲಿ ಇಡಬೇಕೇ, ಹೆಸರನ್ನೇ ತೆಗೆಯಬೇಕೇ ಎಂಬ ಚರ್ಚೆ ನಡೆದಿದೆ. 2024ರಲ್ಲೂ ಊರು ಅಪಾಯದ ಪಟ್ಟಿಯಲ್ಲೇ ಇತ್ತು.

ಮಾಡಬಹುದಾದ ಕೆಲಸ ಇನ್ನೂ ಉಳಿದಿದೆ. ಉದ್ಯಾನದ ಅಂಚಿನಾಚೆ ಉಳಿದಿರುವ ಮೊಹಲ್ಲಾಗಳ ಒಂದೊಂದು ಮನೆಯನ್ನೂ ಅಳೆದು ದಾಖಲಿಸುವುದು, ಅಲ್ಲಿನವರಿಗೆ ಮಣ್ಣಿನ ಗೋಡೆ ರಿಪೇರಿಗೆ ನೆರವು ಕೊಟ್ಟು ಅಲ್ಲೇ ಇರಗೊಡುವುದು, ಕಲ್ಲುಹಾಸಿನಡಿಯ ಪದರಗಳನ್ನು ತೆರೆದು ಹಳೆಯ ಓಣಿಗಳ ಗೆರೆ ಗುರುತಿಸುವುದು, ಆಕ್ ಸರಾಯ್ ಬುಡದ ಸುತ್ತ ಹುಲ್ಲುಹಾಸು ತೆಗೆದು ನೀರು ನಿಲ್ಲದಂತೆ ಮಾಡುವುದು, ರಿಪೇರಿಗೆ ಸಿಮೆಂಟ್ ಮುಟ್ಟದೆ ಹಳೆಯ ಅಳತೆಯ ಚೌಕ ಇಟ್ಟಿಗೆಯನ್ನೂ ಹೊಂದುವ ಗಾರೆಯನ್ನೂ ಬಳಸುವುದು. ಇವು ಯಾವುದೂ 20 ದಿನದಲ್ಲಿ ಮುಗಿಯುವಂಥದ್ದಲ್ಲ.